ಇನ್‌ಕ್ಯುಬೇಟರಿನ ನೀಲಿ ಮಾತ್ರೆ

ಇದು ಕಟ್ಟುಕಥೆಯಲ್ಲ. ಕಥೆ ಕಟ್ಟುವಷ್ಟು ಬುದ್ಧಿಯೂ ನನಗಿಲ್ಲ. ಹದಿಮೂರು ವರ್ಷದಿಂದ ಲ್ಯಾಬಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿಡುವುದೇ ನನ್ನ ಕೆಲಸ. ಆ ರಾತ್ರಿಯ ಪುಟ ರಿಜಿಸ್ಟರಿನಲ್ಲಿ ಈಗಲೂ ಇದೆ. ಹತ್ತು ಗಂಟೆಯ ಎಣಿಕೆ ಇದೆ, ಎರಡು ಗಂಟೆಯ ಎಣಿಕೆ ಇದೆ, ಕೆಳಗೆ ನನ್ನ ಸಹಿ ಇದೆ. ಎರಡು ಗಂಟೆಯ ಸಾಲಿನಲ್ಲಿ ಮಾತ್ರ ಅಕ್ಷರ ನಡುಗಿದೆ... ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಹೆಸರು ಮಹದೇವಸ್ವಾಮಿ. ಊರು ಮೂಗೂರು. ನಂಜನಗೂಡಿನ ಹೊರಗಿರುವ ಒಂದು ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಿಳಿ ಕೋಟು ಹಾಕುತ್ತೇನೆ ಎನ್ನುವ ಒಂದೇ ಕಾರಣಕ್ಕೆ ನಮ್ಮವ್ವ ಊರಿನಲ್ಲಿ ನನ್ನನ್ನು ಡಾಕ್ಟರು ಮಾಡಿಬಿಟ್ಟಿದ್ದಾಳೆ. ಹಬ್ಬಕ್ಕೆ ಹೋದರೆ ಮಂಡಿನೋವಿನವರು ಜಗಲಿಯ ಮೇಲೆ ಕಾದು ಕೂತಿರುತ್ತಾರೆ.

ಲ್ಯಾಬಿನ ಕೆಲಸ ಸುಲಭವಾಗಿ ಹೇಳುವುದಾದರೆ ಹೀಗೆ. ಮೂಳೆಯೊಳಗಿನ ಮಜ್ಜೆಯಲ್ಲಿ ಸ್ಟೆಮ್ ಸೆಲ್‌ಗಳಿರುತ್ತವೆ, ರಕ್ತ ಹುಟ್ಟುವುದು ಅವುಗಳಿಂದ. ರೋಗದ ಜೊತೆ ಹೊಡೆದಾಡುವ ಕಾವಲು ಕೋಶಗಳು ಬೇರೆ. ಕೆಲವರ ಮೈಯಲ್ಲಿ ಈ ಕಾವಲಿನವೇ ದಾರಿ ತಪ್ಪಿ ಸ್ಟೆಮ್ ಸೆಲ್‌ಗಳನ್ನು ಕೊಲ್ಲುತ್ತವೆ. ಆಗ ಮಜ್ಜೆ ಬರಿದಾಗುತ್ತದೆ, ಹೊಸ ರಕ್ತ ಹುಟ್ಟುವುದಿಲ್ಲ. ನಾವು ಅವೆರಡನ್ನೂ ಒಂದು ಫ್ಲಾಸ್ಕಿನಲ್ಲಿ ಹಾಕಿ, ಮೈಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರಿನಲ್ಲಿಟ್ಟು, ನಾಲ್ಕು ಗಂಟೆಗೊಮ್ಮೆ ಯಾವುದು ಎಷ್ಟು ಉಳಿದಿದೆ ಎಂದು ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತೇವೆ. ಕೋಶಗಳಿಗೆ ಹಗಲು ರಾತ್ರಿ ಇಲ್ಲ, ಆದ್ದರಿಂದ ನಮಗೂ ಇಲ್ಲ.

ಇದರ ಜೊತೆಗೆ ತಿಂಗಳಿಗೊಂದು ಸೋಮವಾರ ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ಮಕ್ಕಳಿಗೆ ಆರೋಗ್ಯದ ಪಾಠ ಹೇಳುವುದೂ ನನ್ನ ಪಾಲಿಗೆ ಬಂದಿತ್ತು. ಸೋಮವಾರ ಶಾಲೆಗಳಲ್ಲಿ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರೆ. ಮಕ್ಕಳು ಮಹಾ ಕಳ್ಳರು. ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡು, ನೀರು ಕುಡಿದ ಹಾಗೆ ಮಾಡಿ, ಆಮೇಲೆ ಕಿಟಕಿಯಿಂದ ಉಗಿಯುತ್ತಾರೆ. ಕವಲಂದೆ ಕಡೆಯ ಒಂದು ಶಾಲೆಯ ಕಿಟಕಿಯ ಕೆಳಗೆ ಒಂದೇ ದಿನ ಹನ್ನೊಂದು ಮಾತ್ರೆ ಹೆಕ್ಕಿದ್ದೇನೆ.

ಅದಕ್ಕೊಂದು ಉಪಾಯ ಮಾಡಿದೆ. ನುಂಗಿದ ಮೇಲೆ ಸಾಲಾಗಿ ನಿಂತು, ಬಾಯಿ ಅಗಲಿಸಿ, ನಾಲಿಗೆ ಎತ್ತಿ ‘ಆ...’ ಎನ್ನಬೇಕು. ನಾನು ಟಾರ್ಚು ಬಿಟ್ಟು ನೋಡಿ ‘ಜಾಣ’, ‘ಜಾಣೆ’ ಎಂದ ಮೇಲೆಯೇ ಬಾಯಿ ಮುಚ್ಚಬೇಕು. ಮೇಷ್ಟ್ರುಗಳಿಗೂ ಇದು ಹಿಡಿಸಿತು. ನನಗೂ ಒಳಗೊಳಗೇ ಹೆಮ್ಮೆ.

ಆ ಶಾಲೆಯ ಸಾಲಿನಲ್ಲೇ ಚೈತ್ರ ಇದ್ದಳು. ಒಂಬತ್ತನೇ ಕ್ಲಾಸು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಬಸಪ್ಪನವರ ಎರಡನೇ ಮಗಳು. ತುಟಿ ಸುಣ್ಣದ ಹಾಗೆ ಬೆಳ್ಳಗಿತ್ತು.

“ಸಾ, ಇದ ನುಂಗುದ್ರೆ ವಾಂತಿ ಬಂದಂಗಾಯ್ತದೆ.”

“ಏನೂ ಆಗಲ್ಲ. ನುಂಗು. ಬಾಯಿ ತೆಗಿ.”

ಅವಳ ಮೊಣಕೈ ಮೇಲೆ ನೀಲಿಗಟ್ಟಿದ ಕಲೆಗಳಿದ್ದವು. ಏನಿದು ಎಂದು ಕೇಳಿದೆ. “ಕಬಡ್ಡಿ ಸಾ” ಎಂದಳು. ಅವಳ ಆರೋಗ್ಯ ಕಾರ್ಡಿನಲ್ಲಿ ‘ರಕ್ತಹೀನತೆ, ಸೊಪ್ಪು, ಬೆಲ್ಲ’ ಎಂದು ಬರೆದೆ, ಕೆಳಗೆ ನನ್ನ ಫೋನ್ ನಂಬರು ಹಾಕಿದೆ. ಮುಂದಿನ ತಿಂಗಳೂ ಅದನ್ನೇ ಬರೆದೆ. ಅದರ ಮುಂದಿನ ತಿಂಗಳೂ.

ಹದಿಮೂರು ವರ್ಷ ರಕ್ತವನ್ನೇ ನೋಡಿಕೊಂಡು ಬಂದವನಿಗೆ ಆ ಕಲೆಗಳು ಚರ್ಮದಡಿ ಸೋರಿದ ರಕ್ತ, ಕಬಡ್ಡಿಯ ಪೆಟ್ಟಲ್ಲ ಎಂದು ಹೊಳೆಯಬೇಕಿತ್ತು. ಒಂದು ಚೀಟಿ ಬರೆದು ಮೈಸೂರಿನ ಆಸ್ಪತ್ರೆಗೆ ಕಳಿಸಿದ್ದರೆ ಸಾಕಿತ್ತು. ಹಿಂದೆ ನಲವತ್ತು ಮಕ್ಕಳು ಬಾಯಿ ತೆಗೆದುಕೊಂಡು ನಿಂತಿದ್ದರು, ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಈ ಮಾತನ್ನು ನನ್ನ ಹೆಂಡತಿಗೂ ಹೇಳಿಲ್ಲ.

ನಾಲ್ಕನೇ ತಿಂಗಳು ಕ್ಲಾಸಿನಲ್ಲಿ ಅವಳ ಮೂಗಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಮಜ್ಜೆ ಬರಿದಾಗಿತ್ತು. ಅವಳ ಕಾವಲು ಕೋಶಗಳೇ ಅವಳನ್ನು ತಿಂದಿದ್ದವು. ಅಕ್ಕನ ಸ್ಟೆಮ್ ಸೆಲ್ ಹೊಂದುತ್ತದೆ, ಎರಡು ವಾರ ತಡೆದುಕೊಂಡರೆ ಹಾಕಬಹುದು, ಮಗು ಬದುಕುತ್ತದೆ ಎಂದು ಡಾಕ್ಟರು ಹೇಳಿದರು. ಆ ಎರಡು ವಾರವೇ ಕಷ್ಟದ್ದು.

ಅವಳ ಮಜ್ಜೆಯ ಒಂದಿಷ್ಟು ಹನಿ ನಮ್ಮ ಲ್ಯಾಬಿಗೂ ಬರಬೇಕಿತ್ತು. ಒಪ್ಪಿಗೆ ಪತ್ರವನ್ನು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕೆ ನನ್ನನ್ನೇ ಕಳಿಸಿದರು. ಬಸಪ್ಪನವರು ಹಿಟ್ಟು ಮೆತ್ತಿದ ಅಂಗಿಯಲ್ಲೇ ವಾರ್ಡಿನ ಹೊರಗೆ ಕೂತಿದ್ದರು. ಪತ್ರಕ್ಕೆ ಸಹಿ ಹಾಕಿ, ಪೆನ್ನು ಮುಚ್ಚಿ, ಮೆಲ್ಲಗೆ ಒಂದು ಮಾತು ಕೇಳಿದರು.

“ಸಾ, ನಮ್ಮಲ್ಲಿ ಕೂರ್ಸಿ ಮಣ್ ಮಾಡ್ತಾರೆ. ಮೈ ಪೂರ್ತಿ ಮಣ್ಣಿಗೆ ಓಗ್ಬೇಕು. ಅಂಗಾಗದ್ ಬ್ಯಾಡ, ಆದ್ರೂ ಏಳ್ತೀನಿ... ಏನಾರ ಆದ್ರೆ, ನಿಮ್ ತಾವ ಉಳ್ದಿದ್ನ ನಮ್ಗೇ ಕೊಟ್ಬುಡಿ.”

ಲ್ಯಾಬಿನಿಂದ ಹಾಗೆಲ್ಲ ಹೊರಗೆ ಕೊಡುವಂತಿಲ್ಲ. ಉಳಿದದ್ದನ್ನು ಬೇಯಿಸಿ, ಹಳದಿ ಚೀಲದಲ್ಲಿ ಕಟ್ಟಿ ಕಳಿಸಬೇಕು, ಅದು ನಿಯಮ. ಗೊತ್ತಿದ್ದೂ ನಾನು “ಆಗಲಿ ಬಸಪ್ಪಣ್ಣ” ಎಂದೆ. ಆ ಮುಖ ನೋಡಿ ಬೇರೆ ಏನು ಹೇಳಲಿ?

ಇದಾದ ಆರನೇ ದಿನ ನನಗೆ ನೈಟ್ ಶಿಫ್ಟು.

ಒಳಗೆ ನಾನೊಬ್ಬ, ಗೇಟಿನಲ್ಲಿ ವಾಚ್‌ಮನ್ ಸಿದ್ದಣ್ಣ. ಕೋಶಗಳ ಕೋಣೆಗೆ ಎರಡು ಬಾಗಿಲು. ಚಪ್ಪಲಿ ಬಿಟ್ಟು, ಗೌನು ತೊಟ್ಟು, ಕಾರ್ಡು ತೋರಿಸಿದರೆ ಮಾತ್ರ ತೆರೆಯುತ್ತದೆ. ಹತ್ತು ಗಂಟೆಗೆ ಎಣಿಸಿದೆ. ಅವಳ ಮಜ್ಜೆ ಹಾಕಿದ್ದ ಫ್ಲಾಸ್ಕಿನಲ್ಲಿ ಸ್ಟೆಮ್ ಸೆಲ್ ಬೆರಳೆಣಿಕೆಯಷ್ಟು ಉಳಿದಿದ್ದವು. ಸುತ್ತಲೂ ಕಾವಲಿನವು ಮುತ್ತಿಕೊಂಡಿದ್ದವು. ಬರೆದು, ಹೊರಗೆ ಬಂದು ಬುತ್ತಿಯ ಚಿತ್ರಾನ್ನ ತಿಂದೆ.

ಎರಡು ಗಂಟೆಗೆ ಮತ್ತೆ ಹೋದೆ. ಎರಡನೇ ಬಾಗಿಲು ತೆರೆದ ಕೂಡಲೇ ವಾಸನೆ ಬಂತು... ತುಕ್ಕು ಹಿಡಿದ ನಲ್ಲಿಯಲ್ಲಿ ಮೊದಲು ಬರುವ ನೀರಿನ ವಾಸನೆ. ಆ ಕೋಣೆಯಲ್ಲಿ ಸ್ಪಿರಿಟ್ಟು ಬಿಟ್ಟರೆ ಬೇರೆ ವಾಸನೆ ಇರಕೂಡದು. ಎಲ್ಲೋ ಮೂಸಿದ ವಾಸನೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಟಿಕ್... ಸ್ಟೀಲಿನ ಮೇಲೆ ಏನೋ ಸಣ್ಣದು ಬಿದ್ದ ಸದ್ದು. ಇನ್‌ಕ್ಯುಬೇಟರಿನ ಒಳಗಿನಿಂದ.

ಹೊರಬಾಗಿಲು ತೆಗೆದೆ. ಒಳಗಡೆ ಇನ್ನೊಂದು ಗಾಜಿನ ಬಾಗಿಲಿದೆ. ಅದರ ಮೇಲೆ ಅಂಗೈಯಗಲ ಮಂಜು ಕಟ್ಟಿತ್ತು. ಮಗು ಕಿಟಕಿಗೆ ಬಾಯಿ ಹಚ್ಚಿ ಉಸಿರು ಬಿಟ್ಟರೆ ಕಟ್ಟುತ್ತದಲ್ಲ, ಅಷ್ಟೇ ಅಗಲ. ಒರೆಸಲು ಬೆರಳಿಟ್ಟೆ. ಹೋಗಲಿಲ್ಲ. ಅದು ಒಳಗಡೆಯಿಂದ ಕಟ್ಟಿದ ಮಂಜು...

ಗಾಜನ್ನೂ ತೆರೆದೆ. ಅವಳ ಫ್ಲಾಸ್ಕಿನ ಪಕ್ಕದಲ್ಲಿ ಒಂದು ನೀಲಿ ಮಾತ್ರೆ ಬಿದ್ದಿತ್ತು. ಒದ್ದೆಯಾಗಿತ್ತು, ವಾಸನೆ ಅದರದೇ. ಮೇಲಿನ ಬಣ್ಣ ಅರ್ಧ ಕರಗಿ ಟ್ರೇಯ ಮೇಲೆ ಹರಿದಿತ್ತು. ನಾಲಿಗೆಯ ಕೆಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡು ಉಗಿದ ಮಾತ್ರೆ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹನ್ನೊಂದು ಹೆಕ್ಕಿದವನು ನಾನು.

ಗೋಡೆಯ ಫೋನಿನಿಂದ ಗೇಟಿಗೆ ಮಾಡಿದೆ.

“ಸಿದ್ದಣ್ಣ, ಒಳಗೆ ಯಾರಾದರೂ ಬಂದಿದ್ರಾ?”

“ಇಲ್ಲ ಕಣ್ಸಾ. ನಾಯಿನೂ ಬಂದಿಲ್ಲ. ಯಾಕ್ ಸಾ, ದನಿ ಒಂಥರಾ ಅದೆ?”

“ಏನಿಲ್ಲ” ಎಂದು ಇಟ್ಟೆ. ಚಿಮುಟದಿಂದ ಮಾತ್ರೆ ಎತ್ತಿ ಗಾಜಿನ ಬಟ್ಟಲಿಗೆ ಹಾಕಿ ಮುಚ್ಚಿದೆ. ಕೆಲಸದವನ ಬುದ್ಧಿ ನೋಡಿ, ಅಷ್ಟು ಹೆದರಿಕೆಯಲ್ಲೂ ಎಣಿಕೆಯ ಹೊತ್ತು ಮೀರುತ್ತದೆ ಎಂದು ಫ್ಲಾಸ್ಕನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಕಾವಲಿನವು ಒಂದೂ ಇರಲಿಲ್ಲ. ಫ್ಲಾಸ್ಕಿನ ತುಂಬ ಸ್ಟೆಮ್ ಸೆಲ್‌ಗಳು... ದುಂಡಗೆ, ಹೊಳೆಯುತ್ತ, ಒಂದಕ್ಕೊಂದು ಒತ್ತಿಕೊಂಡು. ನಾಲ್ಕು ಗಂಟೆಯಲ್ಲಿ ಹಾಗಾಗಲು ಸಾಧ್ಯವೇ ಇಲ್ಲ. ಮೂರು ಸಲ ಎಣಿಸಿದೆ, ಮೂರು ಸಲವೂ ಅದೇ. ಆ ಹುಡುಗಿಯ ಮೈಯಲ್ಲಿ ಯಾವುದು ಇಲ್ಲವೆಂದು ಅವಳು ಸಾಯುತ್ತಿದ್ದಳೋ ಅದು ನನ್ನ ಅಂಗೈಯಲ್ಲಿತ್ತು.

ತಕ್ಷಣ ಪ್ರಯೋಗದ ಹೊಣೆ ಹೊತ್ತ ಮೇಡಂಗೆ ಫೋನು ಮಾಡಿ ಎಬ್ಬಿಸಿದೆ. ಮಾತ್ರೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಮೈಸೂರು ಅರ್ಧ ಗಂಟೆಯ ದಾರಿ, ನಾನೇ ಬೈಕಿನಲ್ಲಿ ತಲುಪಿಸುತ್ತೇನೆ ಎಂದೆ.

“ಮಹದೇವ್, ಫ್ಲಾಸ್ಕಲ್ಲಿ ಬೆಳೆದದ್ದನ್ನ ಮಗುಗೆ ಹಾಕೋಕಾಗಲ್ಲ. ಅದು ನಿಮಗೂ ಗೊತ್ತು. ಎಣಿಕೆ ತಪ್ಪಿರುತ್ತೆ, ಬೆಳಿಗ್ಗೆ ನಾನೇ ನೋಡ್ತೀನಿ. ಮುಖ ತೊಳ್ಕೊಂಡು ಟೀ ಕುಡೀರಿ.”

ನನಗೂ ಗೊತ್ತಿತ್ತು. ಫ್ಲಾಸ್ಕನ್ನು ಒಳಗಿಟ್ಟು ಬಾಗಿಲು ಹಾಕಿದೆ.

ಆಗ ಕೇಳಿಸಿತು. ಇನ್‌ಕ್ಯುಬೇಟರಿನ ಗುಂಯ್‌ಗುಡುವ ಸದ್ದಿನೊಳಗೆ ಇನ್ನೊಂದು ದನಿ, ತೆಳ್ಳಗೆ, ಉಸಿರು ತೆಗೆದುಕೊಳ್ಳದೆ...

ಆ...

ಮೆಷಿನ್ನಿನದೇ ಇರಬೇಕು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಜೇಬಿನ ಮೊಬೈಲು ನಡುಗಿತು. ಬಸಪ್ಪನವರು.

“ನಿದ್ದೆ ಕೆಡ್ಸುದ್ನೇನೋ ಸಾ. ಮಗೀಗೆ ಜ್ವರ ಏರ್ಬುಟ್ಟದೆ. ಡಾಕ್ಟ್ರು ಕೈ ಚೆಲ್ಲವ್ರೆ... ಬಾಯ್ ತಗ್ದು ಆ ಅಂತಾನೆ ಅವಳೆ ಸಾ. ಮುಚ್ಚು ಅಂದ್ರೆ ಮುಚ್ಚಾಕಿಲ್ಲ. ನುಂಗಿವ್ನಿ, ಮಾದೇವ್‌ಸ್ವಾಮಿ ಸಾರು ನೋಡ್ಬೇಕು ಅಂತಾಳೆ. ಒಂದ್ ಮಾತ್ ಏಳಿ ಸಾ, ನಿಮ್ ಮಾತ್ ಕೇಳ್ತಾಳೆ.”

ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದರು.

ಆ...

ಅದೇ ದನಿ. ಅದೇ ಎಳೆ. ಕಿವಿಗೆ ಹಚ್ಚಿದ ಫೋನಿನಲ್ಲೂ, ಬೆನ್ನ ಹಿಂದಿನ ಇನ್‌ಕ್ಯುಬೇಟರಿನಲ್ಲೂ. ನಡುವೆ ನಾನು. ಕ್ಷಮಿಸು ಎಂದು ಕೇಳಬೇಕಿತ್ತು. ಕೈ ಮೇಲಿನ ಕಲೆಗಳನ್ನು ನೋಡಿದ್ದೆ ಎಂದು ಹೇಳಬೇಕಿತ್ತು. ಗಂಟಲಿನಿಂದ ಹೊರಟಿದ್ದು ಸೋಮವಾರದ ಮಾತು ಮಾತ್ರ.

“ಜಾಣೆ. ನೋಡಿದೆ. ಬಾಯಿ ಮುಚ್ಚು ಕಂದಾ.”

ಫೋನಿನ ದನಿ ನಿಂತಿತು. “ಮುಚ್ಚುದ್ಲು ಸಾ, ಮಲಿಕೊಂಡ್ಲು” ಎಂದರು ಬಸಪ್ಪನವರು. ಆಮೇಲೆ ಕೇಳಿದರು, “ಲ್ಯಾಬಲ್ಲಿ ಏನಾರ ಗೊತ್ತಾಯ್ತಾ ಸಾ?”

“ಇನ್ನೂ ಇಲ್ಲ” ಎಂದೆ.

ಬೆನ್ನ ಹಿಂದಿನ ದನಿ ನಿಂತಿರಲಿಲ್ಲ.

ಬೆಳಗಿನ ಐದೂವರೆಗೆ ಚೈತ್ರ ಹೋದಳು. ಒಂಬತ್ತಕ್ಕೆ ಮೇಡಂ ಬಂದು ಎಣಿಸಿದರು. ಎಣಿಕೆ ತಪ್ಪಿರಲಿಲ್ಲ. ನಾನು ಮುಚ್ಚಿಟ್ಟಿದ್ದ ಗಾಜಿನ ಬಟ್ಟಲು ತೆಗೆದು ನೋಡಿದರೆ ಮಾತ್ರೆ ಇರಲಿಲ್ಲ. ತಳದಲ್ಲಿ ಒಂದು ನೀಲಿ ಕಲೆಯಿತ್ತು, ಅವಳ ಮೊಣಕೈ ಮೇಲೆ ಇದ್ದಂಥದೇ.

ಐದನೇ ದಿನ ಬಸಪ್ಪನವರು ಗೇಟಿಗೆ ಬಂದರು. ಕೈಯಲ್ಲಿ ಸಣ್ಣದೊಂದು ಸ್ಟೀಲ್ ಡಬ್ಬಿ, ಬೆಳಗಿ ತೊಳೆದದ್ದು.

“ಮಣ್ಣ್ ಮಾಡಿದ್ ತಾವೇ ಇಟ್ಬುಟ್ಟು ಬತ್ತೀನಿ ಸಾ. ಉಳ್ದಿದ್ ಏನಾರ ಇದ್ರೆ...”

ಆ ಹೊತ್ತಿಗೆ ಒಂದು ಫ್ಲಾಸ್ಕು ತುಂಬಿ ಎರಡಾಗಿತ್ತು. ಇಂಥ ಕೋಶಗಳು ಸಾವಿರಕ್ಕೊಮ್ಮೆಯೂ ಸಿಗುವುದಿಲ್ಲ, ಮುಟ್ಟಕೂಡದು ಎಂದು ಮೇಲಿನಿಂದ ಹುಕುಂ ಬಂದಿತ್ತು. ಕೊಡುವ ಅಧಿಕಾರ ನನಗಿಲ್ಲ, ಕೋಶಗಳು ಉಳಿದಿವೆ ಎಂದು ಹೇಳುವ ಧೈರ್ಯವೂ ಇಲ್ಲ.

“ಎಲ್ಲಾ ಪರೀಕ್ಷೆಲೇ ಮುಗಿದುಹೋಯ್ತು ಬಸಪ್ಪಣ್ಣ. ಏನೂ ಉಳಿದಿಲ್ಲ.”

ಅವರು ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. “ಅಂಗಾದ್ರೆ ಪೂರ್ತಿ ಮಣ್ಣಿಗೋದ್ಲು ಅನ್ನಿ. ಅಷ್ಟಾದ್ರೂ ಆಯ್ತಲ್ಲ, ಸಮಾಧಾನ” ಎಂದು ಕೈ ಮುಗಿದು ಹೋದರು. ಬರಿ ಡಬ್ಬಿ ಹಿಡಿದು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದ ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ಈಗ ಹದಿನಾರು ಫ್ಲಾಸ್ಕುಗಳಿವೆ. ಉಳಿದವರಿಗೆ ಅವು ಬರೀ ಒಂದು ಕೋಡ್ ನಂಬರು. ಮಿಕ್ಕ ಟೆಕ್ನಿಷಿಯನ್‌ಗಳು ಆ ಇನ್‌ಕ್ಯುಬೇಟರಿನ ಫ್ಯಾನು ಸದ್ದು ಮಾಡುತ್ತದೆಂದು ಎರಡು ಸಲ ಕಂಪ್ಲೇಂಟು ಬರೆದಿದ್ದಾರೆ. ರಿಪೇರಿಯವನು ಬಂದು ಬಿಚ್ಚಿ ನೋಡಿ, ಎಲ್ಲಾ ಸರಿಯಾಗಿದೆ ಎಂದು ಹೋದ.

ನನ್ನ ನೈಟ್ ಶಿಫ್ಟಿನಲ್ಲಿ ಎರಡು ಗಂಟೆಗೆ ಆ ಬಾಗಿಲ ಮುಂದೆ ನಿಲ್ಲುತ್ತೇನೆ. “ಜಾಣೆ” ಎನ್ನುತ್ತೇನೆ. “ನೋಡಿದೆ ಕಂದಾ, ಬಾಯಿ ಮುಚ್ಚು” ಎನ್ನುತ್ತೇನೆ. ನಿಲ್ಲುವುದಿಲ್ಲ. ಒಂದೇ ಬಾಯಿ ಇದ್ದಾಗಲೇ ನನ್ನ ಮಾತು ಕೇಳಲಿಲ್ಲ. ಈಗ ಹದಿನಾರು, ಬರುವ ವಾರ ಮೂವತ್ತೆರಡು... ನಾನು ಸರಿಯಾಗಿ ನೋಡುವವರೆಗೆ ಬಾಯಿ ತೆಗೆದುಕೊಂಡೇ ಇರಬೇಕೆಂದು ಅವಕ್ಕೆ ಕಲಿಸಿದವನು ನಾನೇ.