ಲ್ಯಾಂಡ್‌ಮಾಸ್ಟರ್ ಬಾಗಿಲಿನ ತಗ್ಗು

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಕುಶನ್ ಅಂಗಡಿ ಇಟ್ಟಿದ್ದ ಗೂಡುಸಾಬ ಎಂಥ ಹರಿದ ಸೀಟನ್ನಾದರೂ ಹೊಲಿದು ಹೊಸದು ಮಾಡುತ್ತಿದ್ದ. ಬಣ್ಣ ಅಂದರೆ ಮಾತ್ರ ಮಾರು ದೂರ. ಕಾರಣ ಊರಿಗೆಲ್ಲ ಗೊತ್ತು. ಹಿಂದೊಮ್ಮೆ ಹಾವೇರಿಯ ವಕೀಲರೊಬ್ಬರ ಜೀಪಿನ ರೆಗ್ಜಿನ್ ಸೀಟಿಗೆ, ಮನೆಯ ಕಿಟಕಿ ಬಾಗಿಲಿಗೆ ಹಚ್ಚುವ ಹಸಿರು ಆಯಿಲ್ ಪೇಂಟನ್ನೇ ಬಳಿದು ಕಳಿಸಿದ್ದ. ಬಿಸಿಲಿಗೆ ಅದು ಜಿಗುಟಾಗಿ, ವಕೀಲರು ಬಿಳಿ ಪ್ಯಾಂಟಿನ ಹಿಂಬದಿಗೆ ಹಸಿರು ಮೆತ್ತಿಕೊಂಡೇ ಕೋರ್ಟಿನಲ್ಲಿ ವಾದ ಮಾಡಿದರು. ಅಂದಿನಿಂದ ಇವನು ‘ಹಸರ ಗೂಡುಸಾಬ’. ಎಂಟು ವರ್ಷವಾದರೂ ಆ ಹೆಸರು ಮಾಸಲಿಲ್ಲ. ಹಾಳಾದ್ದು ಆ ಬಣ್ಣವಾದರೂ ಅಷ್ಟು ಗಟ್ಟಿಯಾಗಿ ನಿಲ್ಲಬಾರದಿತ್ತೇ.

1991ರ ಬೇಸಿಗೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಲ್ಲೇಶಪ್ಪ ತನ್ನ ತಂದೆಯ ಕಾಲದ ಲ್ಯಾಂಡ್‌ಮಾಸ್ಟರ್ ಕಾರನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಮಗಳ ಮದುವೆ ಹಾವೇರಿಯಲ್ಲಿ. ಮದುಮಗಳು ಇದೇ ಕಾರಿನಲ್ಲಿ ಹೋಗಬೇಕು. ಬಾಗಿಲುಗಳ ಒಳಮೈಗೆ ಹೊದಿಸಿದ ರೆಗ್ಜಿನ್ ಹರಿದಿರಲಿಲ್ಲ, ಬಣ್ಣ ಮಾತ್ರ ಸತ್ತುಹೋಗಿತ್ತು. ಆ ಬಣ್ಣವೂ ಹಸಿರೇ.

“ಸಾವಕಾರ್ರ, ಹೊಸಾ ರೆಗ್ಜಿನ್ ಹಾಕಿ ಕೊಡ್ತೇನ್ರಿ. ಬಣ್ಣದ ಕೆಲಸ ಮಾತ್ರ ಹೇಳಬ್ಯಾಡ್ರಿ.”

“ಹೊಸಾದು ನಮ್ಮವ್ವಗ ಬ್ಯಾಡ. ಇಲ್ಲಿ ನೋಡು.” ಮಲ್ಲೇಶಪ್ಪ ಮುಂದಿನ ಎಡ ಬಾಗಿಲು ತೆರೆದ. ಮೊಣಕೈ ಊರುವ ಜಾಗದಲ್ಲಿ ಒಂದು ತಗ್ಗು ಬಿದ್ದಿತ್ತು. “ಇಪ್ಪತ್ತು ವರ್ಷ ನಮ್ಮಪ್ಪ ಕೈ ಊರಿದ್ದು ಇಲ್ಲೇ. ಇದನ್ನ ಕಿತ್ತರ ಮದುವಿಗೇ ಬರೂದಿಲ್ಲ ಅಂತಾಳ.”

ಗೂಡುಸಾಬನ ತಂದೆಯ ಹೊಲಿಗೆ ಮಷೀನಿನ ಹಿಡಿಕೆಯ ಮೇಲೂ ಅಂಥದೇ ಸವಕಲು ಇತ್ತು. ಅವನಿಗೆ ಇಲ್ಲ ಅನ್ನಲಾಗಲಿಲ್ಲ.

ಈ ಸಲ ಹುಬ್ಬಳ್ಳಿಗೆ ಹೋಗಿ, ಅಂಗಡಿಯವನಿಗೆ ಬೇಸರ ಬರುವಷ್ಟು ಕೇಳಿ, ಬಾಗಿದರೂ ಬಿರಿಯದ ರೆಗ್ಜಿನ್ ಬಣ್ಣವನ್ನೇ ತಂದ. ಬಾಗಿಲುಗಳನ್ನು ಪೆಟ್ರೋಲಿನಿಂದ ಒರೆಸಿ, ತೆಳ್ಳಗೆ ಸ್ಪ್ರೇ ಹೊಡೆದ. ಒಣಗಿದ ಮೇಲೆ ತನ್ನ ಬಿಳಿ ಟೊಪ್ಪಿಗೆಯಿಂದ ತಿಕ್ಕಿ ತಿಕ್ಕಿ ನೋಡಿದ.

“ಟೊಪ್ಪಿಗಿ ತೂತು ಬೀಳ್ತೈತಿ,” ಎಂದು ಹೆಂಡತಿ ಸಕೀನಾಬಿ ನಕ್ಕಳು.

ಮೂರು ಬಾಗಿಲು ಗೆದ್ದವು. ನಾಲ್ಕನೆಯದರಲ್ಲಿ ಆ ತಗ್ಗಿನ ಸುತ್ತ ಬಣ್ಣ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದು ಬಂತು. ಕೆರೆದು ಮತ್ತೆ ಹೊಡೆದ, ಮತ್ತೆ ಎದ್ದಿತು. ಮದುವೆಗೆ ಐದೇ ದಿನ. ಗೂಡುಸಾಬನ ಜೀವ ಬಾಯಿಗೆ ಬಂತು. ವಕೀಲರ ಪ್ಯಾಂಟಿನ ಜಾಗದಲ್ಲಿ ಈಗ ಮದುಮಗಳ ರೇಷ್ಮೆ ಸೀರೆ ಕಾಣತೊಡಗಿತು.

ತಪ್ಪೊಪ್ಪಿಕೊಂಡು ಬಿಡೋಣವೆಂದು ಬಸ್ಸು ಹತ್ತಿ ಬ್ಯಾಡಗಿಗೆ ಹೋದ. ಮಲ್ಲೇಶಪ್ಪನ ತಾಯಿ ಜಯವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ಅವ್ವಾರ, ಯಜಮಾನ್ರು ಕೈ ಊರಿದ ಜಾಗಾ ಬಣ್ಣಾ ಹಿಡೀವಲ್ದು. ನನ್ನ ಕೈಲೆ ಆಗವಲ್ದ್ರಿ.”

ಜಯವ್ವನ ಕೈ ನಿಂತಿತು. “ತಮ್ಮಾ, ತಪ್ಪು ನಂದೈತಿ,” ಅಂದಳು. “ಅವರಿಗೆ ಮೊಣಕೈ ನೋವಿತ್ತು. ದಿನಾ ಕುಸುಬಿ ಎಣ್ಣಿ ತಿಕ್ಕತಿದ್ನಿ. ಅವರು ಹೋದ ಮ್ಯಾಲ, ಅಮಾಸಿಗೊಮ್ಮೆ ಗಾಡಿ ಪೂಜಿ ಮಾಡಿ ಎಲ್ಲಾರೂ ಒಳಗ ಹೋದ್ರಂದ್ರ, ಆ ತಗ್ಗಿಗೆ ತಿಕ್ಕತೇನಿ. ಹನ್ನೊಂದು ವರ್ಷ ಆತು. ಯಾರಿಗೂ ಹೇಳಿಲ್ಲ.”

ಗೂಡುಸಾಬನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಹಿಂದೆಯೇ ಕಣ್ಣೂ ತೇವಗೊಂಡಿತು.

“ಪೆಟ್ರೋಲ್ ಹಾಕಿ ಒರಸೇನ್ರಿ. ಒಳಗ ಇಳಿದದ್ದು ಹೋಗಿಲ್ಲ ಕಾಣ್ತೈತಿ.”

“ಎಣ್ಣಿ ತಲೀಗೆ ಯಾರರ ಪೆಟ್ರೋಲ್ ಹಾಕತಾರೇನು?” ಎಂದು ಎದ್ದುಹೋದ ಜಯವ್ವ ಒಂದು ಗಂಟು ಅಂಟವಾಳದ ಕಾಯಿ ತಂದು ಅವನ ಕೈಗಿತ್ತಳು.

ಎರಡು ದಿನ ಗೂಡುಸಾಬ ಆ ಕಾಯಿಗಳ ನೊರೆಯಲ್ಲಿ, ಉಗುರು ಬೆಚ್ಚಗಿನ ನೀರಲ್ಲಿ, ಕೂಸಿಗೆ ಎರೆದಂತೆ ಆ ಬಾಗಿಲಿಗೆ ಎರೆದ. ಒಣಗಿಸಿ ಬಣ್ಣ ಹೊಡೆದ. ಉಗುರಿನಿಂದ ಕೆರೆದರೂ ಏಳಲಿಲ್ಲ. ಆದರೂ ಒಮ್ಮೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಬಿಸಿಲಿನಲ್ಲಿ, ಬೆವರಿನಲ್ಲಿ ಅದು ನಿಂತೀತೆ ಎಂಬ ಅಂಜಿಕೆ ಅವನನ್ನು ಬಿಡಲಿಲ್ಲ.

ಮದುವೆಯ ದಿನ ಹಾವೇರಿಯ ಕಲ್ಯಾಣ ಮಂಟಪದ ಬಾಗಿಲಲ್ಲಿ ಬೆಳಗಿನಿಂದಲೇ ನಿಂತ. ಹತ್ತು ಗಂಟೆಯ ಚುರುಗುಡುವ ಬಿಸಿಲಲ್ಲಿ ಕಾರು ಬಂತು. ಹಿಂದೆ ಮದುಮಗಳು. ಮುಂದೆ ಎಡಗಡೆ, ಗಂಡನ ಜಾಗದಲ್ಲಿ, ಜಯವ್ವ. ಮದುಮಗಳು ಇಳಿದಳು, ಸೀರೆ ಉಟ್ಟಾಗಿನಂತೆಯೇ ಇತ್ತು. ಆಮೇಲೆ ಜಯವ್ವ ಇಳಿದು ಅವನನ್ನು ಹತ್ತಿರ ಕರೆದಳು.

“ಬ್ಯಾಡಗಿಯಿಂದ ಇಲ್ಲೀಮಟ ಕೈ ಎತ್ತಿಲ್ಲ. ನೋಡು.” ಬೀಗರೆಲ್ಲರ ಎದುರು ಮೊಣಕೈ ತಿರುಗಿಸಿ ತೋರಿಸಿದಳು. ಬೆವರಿತ್ತು, ಹಸಿರಿನ ಒಂದು ಗೆರೆಯೂ ಇರಲಿಲ್ಲ.

ಗೂಡುಸಾಬನಿಗೆ ಹೋದ ಜೀವ ಬಂತು. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡು, ಹೇಳಲೋ ಬೇಡವೋ ಎಂದು ತಡವರಿಸಿ ಹೇಳಿದ: “ಅವ್ವಾರ, ಇನ್ನ ಅಲ್ಲಿ ಎಣ್ಣಿ ಹಚ್ಚಬ್ಯಾಡ್ರಿ.”

“ಹಂಗಾರ ಅಮಾಸಿಗೆ ಏನ್ ಮಾಡ್ಲಿ?”

“ಇವತ್ತು ಬಂದಂಗ ಕೈ ಊರಿ ಕುಂದ್ರಿ.”

ಜಯವ್ವ ತೆರೆದ ಬಾಗಿಲಿನ ಕಡೆ ತಿರುಗಿ ನೋಡಿದಳು. “ಖರೇ ಐತಿ ತಮ್ಮಾ. ಆ ತಗ್ಗು ನನ್ನ ಕೈಗೂ ಹೊಂದತೈತಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಮೊಮ್ಮಗಳ ಹಿಂದೆ ಒಳಗೆ ಹೋದಳು.