ತಿನ್ನಿಸುವ ತಾತ

ಸಾಯುವ ಹಿಂದಿನ ದಿನವೂ ತಾತ ಡಾಕ್ಟರನ್ನು ಬೈಯುತ್ತಲೇ ಇದ್ದ. ತಿನ್ನಿಸುವುದೇ ತಾತನ ಕಸುಬು. ಮೊಮ್ಮಗಳು ಮೈ ತುಂಬಿಕೊಂಡು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೂ ತಟ್ಟೆಗೆ ಇನ್ನೊಂದು ಬನ್ನು ಬೀಳುತ್ತಿತ್ತು. "ಇಷ್ಟು ದುಂಡಗಿರೋ ಮಗೂಗೆ ರಕ್ತ ಕಮ್ಮಿಯಂತೆ! ಆ ಡಾಕ್ಟರ ಕಣ್ಣಿಗೇ ಔಷಧಿ ಬಿಡ್ಬೇಕು!" ಎಂದ ತಾತ. "ಬೊಜ್ಜಿದ್ರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತಲ್ಲ ಅಂದ್ರಲ್ರೀ," ಎಂದಳು ಅಜ್ಜಿ. "ಬಂದ್ಳಪ್ಪ ದೊಡ್ಡ ಡಾಕ್ಟರಮ್ಮ!" ಆದರೆ ಡಾಕ್ಟರು ಮೊಮ್ಮಗಳಿಗೆ ಕೊಟ್ಟ ಕಬ್ಬಿಣದ ಮಾತ್ರೆಯ ಜೊತೆ ಚಹಾ ಕೂಡದೆಂದು ತಿಳಿದ ದಿನದಿಂದ, ಮಗು ಕಂಡು ಆಸೆಪಡಬಾರದೆಂದು, ನಲವತ್ತು ವರ್ಷ ಕುಡಿದ ಬೆಳಗಿನ ಚಹಾವನ್ನು ಅವನೇ ಬಿಟ್ಟಿದ್ದ; ಕೇಳಿದರೆ "ನಿನ್ನ ಚಹಾ ಯಾವನು ಕುಡೀತಾನೆ" ಎನ್ನುತ್ತಿದ್ದ. ಅವನು ಹೋದ ಮೇಲೂ ಅಜ್ಜಿ ದಿನಾ ಬೆಳಿಗ್ಗೆ ನಿಂಬೆರಸದ ಜೊತೆ ಮಾತ್ರೆ ನುಂಗಿಸಿ, "ಆ ಅನ್ನೇ, ಕಳ್ಳಿ," ಎಂದು ಮೊಮ್ಮಗಳ ಬಾಯಿ ಬಿಡಿಸಿ, ಮಾತ್ರೆ ಒಳಗೆ ಹೋಯಿತೇ ಎಂದು ನೋಡುತ್ತಾಳೆ.