ಎರಡು ಕೈಗೂ ನೀರಿನ ಲೋಟ

ಶಾಲೆಯ ಗೇಟು ಇನ್ನೂ ಅರ್ಧ ತೆರೆದಿದೆ. ಬೆಳಕು ಹರಿದಿದೆ, ಬಿಸಿಲು ಬಂದಿಲ್ಲ. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಾರೆ. ಬೇಗ ಬಂದ ಮಕ್ಕಳು ಅದನ್ನು ಹಾರಿ, ಅದರಡಿ ನುಸುಳಿ ಆಡುತ್ತಿವೆ. ಮಗಳನ್ನು ಬಿಟ್ಟು ಹೊರಟ ಒಬ್ಬ ಅಪ್ಪನನ್ನು ಅವರು ಕೂಗುತ್ತಾರೆ.

"ಸರ್, ಒಂದ್ನಿಮಿಷ ಇದನ್ನ ಹಿಡ್ಕೊಳ್ತೀರಾ? ಈಗ್ಬಂದೆ."

ಆತ ಹಿಡಿದುಕೊಳ್ಳುತ್ತಾನೆ. ಅವರು ಎಲ್ಲಿಗೂ ಹೋಗುವುದಿಲ್ಲ. ನೀರಿನ ಟ್ಯಾಂಕಿನ ಹಿಂದೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಾರೆ. ಏನನ್ನು?

"ಕೆಲವರು ವಾಚ್ ನೋಡ್ತಾರೆ. ಕೆಲವರು ಹಗ್ಗಾನ ಗೇಟಿಗೆ ಸುತ್ತಿ ಹೊರಟೇಬಿಡ್ತಾರೆ, ಪಾಪ, ಅವರಿಗೂ ಕೆಲಸ ಇರುತ್ತೆ. ಕೆಲವರು ಹೇಗೆ ಹಾರ್ಬೇಕು ಅಂತ ಪಾಠ ಶುರು ಹಚ್ಕೊಳ್ತಾರೆ. ಎಲ್ಲೋ ಒಬ್ಬರು, ಗಿಡ್ಡ ಮಗು ಬಂದಾಗ ಸದ್ದಿಲ್ಲದೆ ಹಗ್ಗ ಒಂಚೂರು ಕೆಳಗಿಳಿಸ್ತಾರೆ. ನನಗೆ ಬೇಕಾಗಿರೋದು ಅವರು."

ಮಕ್ಕಳು ಇವರನ್ನು ಹಗ್ಗದಕ್ಕ ಎನ್ನುತ್ತವೆ. ಹಗಲೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತು ಸರದಿ ಕೂಗುವುದು ಹೊಟ್ಟೆಪಾಡು. ಅದರಾಚೆ ಉಳಿದ ಹೊತ್ತೆಲ್ಲ, ಆರೇಳು ವರ್ಷದ ಪುಟಾಣಿಗಳ ಸ್ಕೌಟ್ ದಳ ನಡೆಸುವುದಕ್ಕೆ ಅಪ್ಪ-ಅಮ್ಮಂದಿರನ್ನು ಹುಡುಕಿ, ಒಪ್ಪಿಸಿ, ತಯಾರು ಮಾಡುವುದರಲ್ಲೇ ಕಳೆಯುತ್ತದೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ವಾರ್ಷಿಕೋತ್ಸವದ ಫೋಟೋದಲ್ಲಿ ಇವರು ಇರುವುದಿಲ್ಲ. ಆ ಹೊತ್ತಿಗೆ ಇನ್ಯಾವುದೋ ಶಾಲೆಯ ಗೇಟಿನಲ್ಲಿರುತ್ತಾರೆ.

"ಇಲ್ಲ ಅನ್ನೋರು ಯಾರೂ ಇಲ್ಲ. ಮುಂದಿನ ವರ್ಷ ಅಂತಾರೆ. ಅಷ್ಟೊತ್ತಿಗೆ ಮಗು ಉದ್ದ ಆಗಿರುತ್ತೆ," ಎಂದು ನಗುತ್ತಾರೆ. "ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರೂ ಹಾಗೇ ಹೇಳ್ತಾರೆ. ನನಗೆ ಅಭ್ಯಾಸ ಆಗಿಹೋಗಿದೆ."

ಈ ಶಾಲೆಯ ದಳವನ್ನು ನಡೆಸುತ್ತಿದ್ದ ನರ್ಸ್‌ಗೆ ಬೇರೆ ಊರಿಗೆ ವರ್ಗವಾಗಿದೆ. ಈ ಶನಿವಾರದ ಕೂಟವನ್ನು ಹೊಸಬರು ಯಾರಾದರೂ ಒಬ್ಬರೇ ನಿಂತು ನಡೆಸಿ ತೋರಿಸದಿದ್ದರೆ ದಳ ಮುಚ್ಚಿದಂತೆಯೇ. ಇವರಿಗೆ ಸಿಕ್ಕಿರುವುದು ಗೇಟಿನಲ್ಲಿ ಹಗ್ಗ ಹಿಡಿದು, ಗಿಡ್ಡ ಮಗುವಿಗೆ ಅದನ್ನು ಇಳಿಸಿದ ಆ ಅಪ್ಪ. ಲಿಫ್ಟ್ ರಿಪೇರಿ ಮಾಡುವಾತ.

"ಅಕ್ಕ, ನಾನು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಒಬ್ಬನೇ ಕೆಲಸ ಮಾಡೋನು. ನಾಲ್ಕು ಜನರೆದುರು ಬಾಯೇ ಬರಲ್ಲ," ಎಂದಿದ್ದನಂತೆ ಆತ.

"ಮನೇಲಿ ಒಬ್ಬಳೆದುರೂ ಬರಲ್ಲ," ಎಂದು ಹೆಂಡತಿ ಸೇರಿಸಿದ್ದಳಂತೆ.

"ಬಾಯಿ ಯಾರಿಗೆ ಬೇಕು? ನನಗೆ ಬೇಕಾಗಿರೋದು ಕೈ. ಅದೂ ಸುಮ್ಮನಿರೋ ಕೈ."

ಈ ಮಾತಿನ ಅರ್ಥ ಅಭ್ಯಾಸದ ದಿನ ತಿಳಿಯುತ್ತದೆ. ಸ್ಕೌಟ್ ಪಾಠದ ಹಗ್ಗದ ಗಂಟು ಹಾಕಲು ಮಗು ತಿಣುಕುತ್ತಿದ್ದರೆ ಹೆತ್ತವರ ಕೈ ತಾನಾಗಿ ಮುಂದೆ ಹೋಗಿ, ರೆಪ್ಪೆ ಬಡಿಯುವಷ್ಟರಲ್ಲಿ ಗಂಟು ಹಾಕಿಬಿಡುತ್ತದೆ. "ಬೆಳಗ್ಗೆ ಎದ್ದಾಗಿಂದ ಅಂಗಿ ಗುಂಡಿ ಹಾಕಿ, ಡಬ್ಬಿ ಮುಚ್ಚಿ, ಲೇಸ್ ಕಟ್ಟಿ ಪಳಗಿದ ಕೈ ಅದು. ಬೇಡ ಅಂದ್ರೆ ಕೇಳುತ್ತಾ?" ಅದಕ್ಕೇ ಹಗ್ಗದಕ್ಕ ಅವರ ಎರಡು ಕೈಗೂ ತುಂಬಿದ ನೀರಿನ ಲೋಟ ಕೊಡುತ್ತಾರೆ. ಚೆಲ್ಲಿದವರೇ ನೆಲ ಒರೆಸಬೇಕು. ಲಿಫ್ಟಿನಾತ ಮೊದಲ ದಿನ ಪ್ಯಾಂಟು ಒದ್ದೆ ಮಾಡಿಕೊಂಡು ಮನೆಗೆ ಹೋದ. ಮಕ್ಕಳಿಗೆ ಆವತ್ತೇ ಆತ ಇಷ್ಟವಾಗಿಬಿಟ್ಟ.

ಶನಿವಾರ. ಶಾಲೆಯ ಹಾಲ್. ಒಳಗೆ ಆತನೊಬ್ಬನೇ, ಸುತ್ತ ಮಕ್ಕಳ ದಂಡು. ಹೊರಗೆ ಕಿಟಕಿಯ ಬಳಿ ಹಗ್ಗದಕ್ಕ, ಪಕ್ಕದಲ್ಲಿ ಆತನ ಹೆಂಡತಿ.

ಒಂದು ಹುಡುಗಿಯ ಗಂಟು ಮತ್ತೆ ಮತ್ತೆ ಬಿಚ್ಚಿಹೋಗುತ್ತದೆ. ಅವಳು ಹಗ್ಗ ಬಿಸಾಡಿ ಮೇಜಿನಡಿ ಹೊಕ್ಕು ಅಳಲು ಶುರು ಮಾಡುತ್ತಾಳೆ. ಅದನ್ನು ಕಂಡು ಇನ್ನಿಬ್ಬರು ಹಗ್ಗ ಬಿಸಾಡುತ್ತಾರೆ. ಯಾರೋ ಬೆಂಚು ಹತ್ತುತ್ತಾರೆ. ಹಾಲ್ ಸಂತೆಯಾಗುತ್ತದೆ. ಆತ ನಡುವೆ ಕಂಬದಂತೆ ನಿಂತಿದ್ದಾನೆ.

"ಒಳಗೆ ಹೋಗಿ ಅಕ್ಕ," ಹೆಂಡತಿ ಪಿಸುಗುಟ್ಟುತ್ತಾಳೆ. "ಇವರ ಕೈಲಾಗಲ್ಲ."

"ನಾನೀಗ ಹೋದ್ರೆ ನಿಜವಾಗ್ಲೂ ಕೈಲಾಗಲ್ಲ," ಎನ್ನುತ್ತಾರೆ ಹಗ್ಗದಕ್ಕ. ಮಾತು ಗಟ್ಟಿಯಾಗಿಯೇ ಇದೆ. ಆದರೆ ಒಂದು ಕಾಲು ಆಗಲೇ ಬಾಗಿಲ ಕಡೆ ತಿರುಗಿದೆ.

ಅಷ್ಟರಲ್ಲಿ ಆತ ನೆಲಕ್ಕೆ ಕೂರುತ್ತಾನೆ. ಮಂಡಿಯೂರಿ ಮೇಜಿನಡಿ ಅರ್ಧ ಮೈ ತೂರಿಸುತ್ತಾನೆ, ದಿನಾ ಗುಂಡಿಗೆ ಇಳಿಯುವವನಿಗೆ ಅದೇನೂ ಹೊಸದಲ್ಲ. ಅವಳ ಹಗ್ಗವನ್ನು ಮುಟ್ಟುವುದಿಲ್ಲ. ತನ್ನ ಹಗ್ಗದ ತುದಿಯನ್ನು ಚಾಚುತ್ತಾನೆ.

"ನನ್ನದೂ ಬಿಚ್ಚೋಯ್ತು. ಒಂದ್ನಿಮಿಷ ಇದನ್ನ ಹಿಡ್ಕೊಳ್ತೀಯಾ?"

ಅಳು ನಿಂತಿಲ್ಲ, ಆದರೆ ಕೈ ಮುಂದೆ ಬರುತ್ತದೆ. ಏನಾಗುತ್ತಿದೆ ಎಂದು ನೋಡಲು ಬೆಂಚಿನ ಮೇಲಿನವನೂ ಇಳಿದು ಬಗ್ಗುತ್ತಾನೆ. ಒಬ್ಬೊಬ್ಬರಾಗಿ ಎಲ್ಲರೂ ಆ ಮೇಜಿನ ಸುತ್ತ ಬೋರಲು ಬೀಳುತ್ತಾರೆ. ಉಳಿದ ಕೂಟವೆಲ್ಲ ಮೇಜಿನಡಿಯಲ್ಲೇ ನಡೆಯುತ್ತದೆ. ಗಂಟುಗಳು ಸೊಟ್ಟಗಿವೆ. ಎಲ್ಲವೂ ಮಕ್ಕಳದೇ.

"ಇಷ್ಟು ಮಾತು ಮನೇಲಿ ಆಡಿದ್ರೆ..." ಎನ್ನುವ ಹೆಂಡತಿಯ ಕಣ್ಣು ತುಂಬಿದೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಹಗ್ಗದಕ್ಕ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ಎರಡರಲ್ಲೂ ಒಂದೊಂದು ತುಂಬಿದ ಲೋಟ. ಕೂಟ ಶುರುವಾದಾಗಿನಿಂದ ಹಿಡಿದೇ ನಿಂತಿದ್ದಾರೆ.

"ಎಷ್ಟು ಜನರನ್ನ ತಯಾರು ಮಾಡಿದ್ರೂ ನನಗೇ ಇವಿಲ್ಲದೆ ಆಗಲ್ಲ. ಒಂದಿನ ಬರೀ ಕೈಲಿ ನಿಂತ್ಕೋಬೇಕು ಅನ್ನೋದೇ ಆಸೆ," ಎನ್ನುತ್ತಾರೆ. ಮತ್ತೆ ಲೋಟಗಳನ್ನು ಒಂಚೂರು ಎತ್ತಿ ತೋರಿಸುತ್ತಾರೆ. "ಆದ್ರೂ ನೋಡಿ, ಇವತ್ತು ಒಂದು ಹನಿ ಚೆಲ್ಲಿಲ್ಲ."